ಏನು ತಿಂದಿ ಅಂತ ಕೇಳಬ್ಯಾಡ್ರಿ

ಮೈಮೇಲೆ ಗಂಧೆ ಎದ್ದವರಿಗೆ ಮಾನ್ವಿ, ದೇವದುರ್ಗದ ಕಡೆ ಮೊದಲು ಎದುರಾಗುವುದು ವಿಚಾರಣೆ. "ಏನ್ ತಿಂದಿದ್ದಿಬೇ?" ಅನ್ನುತ್ತಾಳೆ ಅತ್ತೆ. ನಿನ್ನೆ ಬದನೇಕಾಯಿ ಪಲ್ಯ ತಿಂದಿದ್ದರೆ ಅಪರಾಧಿ ಸಿಕ್ಕಂತೆ. ತಿಂದಿಲ್ಲವೆಂದರೆ ಮೊನ್ನೆಯ ಮದುವೆಯೂಟ, ಅದಕ್ಕೂ ಹೋಗಿಲ್ಲವೆಂದರೆ ಶೇಂಗಾ ಹಿಂಡಿ, ತತ್ತಿ, ಹೊಳೆ ಮೀನು. "ನಂಜಿಂದು ಏನರೆ ತಿಂದಿರಬೇಕು ನೋಡು, ಪಿತ್ತ ಏರೈತಿ" ಎಂದು ಪಕ್ಕದ ಮನೆಯಾಕೆ ತೀರ್ಪು ಕೊಟ್ಟು ಕರಿ ಕಂಬಳಿ ತಂದು ಹೊದಿಸುತ್ತಾಳೆ. ತಾಸೆರಡು ತಾಸಿನಲ್ಲಿ ಗಂಧೆ ಇಳಿಯುತ್ತದೆ. ಹೆಸರು ಕಂಬಳಿಗೆ ಬರುತ್ತದೆ.

ಕಂಬಳಿ ಹೊದಿಸದಿದ್ದರೂ ಅದು ಇಳಿಯುತ್ತಿತ್ತು. ಗಂಧೆಯ ಗುಣವೇ ಅದು. ಕೆಂಪಗೆ ಉಬ್ಬಿ, ಬೆಂಕಿ ಹಚ್ಚಿದ ಹಾಗೆ ತುರಿಸಿ, ಒಂದೊಂದು ದದ್ದೂ 24 ತಾಸಿನೊಳಗೆ ಕಲೆ ಕೂಡ ಉಳಿಸದೆ ಮಾಯವಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಕಡೆ ಹೊಸದು ಎದ್ದಿರುತ್ತದೆ. ಬಹಳ ಜನರಿಗೆ ಈ ಆಟ ಕೆಲವು ದಿನ ನಡೆದು ನಿಂತುಹೋಗುತ್ತದೆ. ಯಾವುದೋ ಸೋಂಕು, ಯಾವುದೋ ಮಾತ್ರೆ, ಅಪರೂಪಕ್ಕೆ ಯಾವುದೋ ಆಹಾರ ಅದಕ್ಕೆ ಕಾರಣವಾಗಿರಬಹುದು. ಆದರೆ ಹೆಚ್ಚುಕಡಿಮೆ ದಿನವೂ ಏಳುತ್ತ ಆರು ವಾರ ದಾಟಿತೆಂದರೆ ಅದು ಬೇರೆಯೇ ಕಾಯಿಲೆ. ವೈದ್ಯರು ಇದನ್ನು ಕ್ರಾನಿಕ್ ಅರ್ಟಿಕೇರಿಯಾ ಎನ್ನುತ್ತಾರೆ. ಯಾವುದೇ ಒಂದು ಹೊತ್ತಿನಲ್ಲಿ ಲೆಕ್ಕ ಹಾಕಿದರೂ ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಇರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಪಟ್ಟು ಹೆಚ್ಚು. ಅದೂ 20ರಿಂದ 40ರ ನಡುವಿನ, ಮನೆ ಮತ್ತು ಹೊಲ ಎರಡೂ ಹೆಗಲ ಮೇಲಿರುವ ವಯಸ್ಸಿನಲ್ಲಿ. ಸಾಮಾನ್ಯವಾಗಿ ಒಂದರಿಂದ ಐದು ವರ್ಷ ಇರುತ್ತದೆ, ಕೆಲವರಲ್ಲಿ ಅದಕ್ಕೂ ಹೆಚ್ಚು. ಅರ್ಧದಷ್ಟು ರೋಗಿಗಳಿಗೆ ದಿನಕ್ಕೊಂದು ಅಲರ್ಜಿ ಮಾತ್ರೆ ಸಾಕಾಗುವುದೇ ಇಲ್ಲ. ಈ ಬರಹ ಅವರ ಕುರಿತದ್ದು.

ಬೇನೆ ಬಂತೆಂದರೆ ಬಂದವರದೇ ಏನೋ ತಪ್ಪಿರಬೇಕು ಎಂಬ ನಂಬಿಕೆ ಎಲ್ಲ ಊರುಗಳಲ್ಲೂ ಇದೆ. ನಮ್ಮ ಸೀಮೆಯಲ್ಲಿ ಅದಕ್ಕೊಂದು ದೊಡ್ಡ ಕಥೆಯೂ ಇದೆ. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು ಒಮ್ಮೆ ಮಾನ್ವಿಗೆ ಬಂದಾಗ, ಬ್ಯಾಗವಾಟದ ಶ್ರೀನಿವಾಸಾಚಾರ್ಯರೆಂಬ ಘನ ಪಂಡಿತರನ್ನು ಊಟಕ್ಕೆ ಕರೆದರಂತೆ. ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಗೆ ಹೋಗಲು ಮನಸ್ಸಿಲ್ಲದ ಆಚಾರ್ಯರು ಹೊಟ್ಟೆನೋವೆಂದು ನೆಪ ಹೇಳಿದರು. ನೆಪದ ನೋವು ನಿಜದ ನೋವಾಗಿ ಬಿಡದೆ ಕಾಡಿತು. ಕೊನೆಗೆ ವಿಜಯದಾಸರಿಗೇ ಶರಣು ಹೋದರೆ, ಅವರು ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ತೆಗೆದುಕೊಟ್ಟರು. ಆ ಶ್ರೀನಿವಾಸಾಚಾರ್ಯರೇ ಮುಂದೆ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರಾದರು.

ಭಕ್ತಿಯ ಕಥೆಯಾಗಿ ಇದು ಚೆಂದ. ಆದರೆ ಕಾಯಿಲೆಗೆ ತಪ್ಪೇ ಮೂಲ ಎನ್ನುವ ಮಾತು ಕಥೆಯಿಂದ ಜಾರಿ ಅಡುಗೆಮನೆಗೆ ಬಂದು ಕೂತಿದೆ. ಗಂಧೆ ಎದ್ದವಳು ಏನಾದರೂ ತಿಂದಿರಲೇಬೇಕು, ತುಳಿದಿರಲೇಬೇಕು, ದಾಟಿರಲೇಬೇಕು. ಕಥೆಯ ಇನ್ನೊಂದು ತುದಿಯನ್ನು ಯಾರೂ ಹಿಡಿಯುವುದಿಲ್ಲ: ವಿಜಯದಾಸರು ರೋಗಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳದೆ ಮುಂದಿನವರ ಬಳಿ ಕಳಿಸಿಕೊಟ್ಟರು. ನಮ್ಮ ತಾಲ್ಲೂಕುಗಳ ದವಾಖಾನೆಗಳಲ್ಲಿ ಈ ರೂಢಿ ಇನ್ನಷ್ಟು ಇದ್ದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಮೂಲ ಎಲ್ಲಿದೆ? ಚರ್ಮದಡಿಯಲ್ಲಿ ರಕ್ತನಾಳಗಳ ಸುತ್ತ ಮಾಸ್ಟ್ ಕೋಶಗಳೆಂಬ ಕಾವಲುಗಾರ ಕೋಶಗಳಿವೆ. ಜರ್ಮನಿಯ ಪಾಲ್ ಎರ್ಲಿಖ್ 1878ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ತಮ್ಮ ಪ್ರಬಂಧದಲ್ಲಿ ಇವನ್ನು ವರ್ಣಿಸಿದ್ದರು. ಇವುಗಳ ಹೊಟ್ಟೆಯ ತುಂಬ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳ ಕಾಳುಗಳು. ಕೋಶ ಕೆರಳಿದರೆ ಕಾಳುಗಳು ಹೊರಬೀಳುತ್ತವೆ, ರಕ್ತನಾಳ ಸಡಿಲಾಗಿ ನೀರು ಸೋರುತ್ತದೆ, ಅಲ್ಲಿ ಚರ್ಮ ಉಬ್ಬುತ್ತದೆ. ನರದ ತುದಿ ಕೆರಳಿ ತುರಿಸುತ್ತದೆ. ಇದೇ ಸೋರಿಕೆ ಇನ್ನೂ ಆಳದಲ್ಲಾದರೆ ತುಟಿ, ಕಣ್ಣುರೆಪ್ಪೆ ಊದಿಕೊಳ್ಳುತ್ತವೆ. ಆ ಬಾವು ಇಳಿಯಲು ಕೆಲವೊಮ್ಮೆ ಮೂರು ದಿನ ಬೇಕು.

ಈ ಕೋಶಗಳನ್ನು ಕೆರಳಿಸುವುದು ಯಾರು ಎಂಬ ಪ್ರಶ್ನೆಗೆ ಒಂದು ಸರಳ ಪರೀಕ್ಷೆ ದೊಡ್ಡ ಸುಳಿವು ಕೊಟ್ಟಿತು. ರೋಗಿಯ ರಕ್ತ ತೆಗೆದು, ಅದರ ತಿಳಿ ಸೀರಮ್ ಬೇರ್ಪಡಿಸಿ, ಅದೇ ರೋಗಿಯ ಮುಂಗೈ ಚರ್ಮಕ್ಕೆ ಒಂದು ಹನಿಯಷ್ಟು ಚುಚ್ಚುತ್ತಾರೆ. ಅರ್ಧ ತಾಸಿನಲ್ಲಿ ಹಲವರಿಗೆ ಅಲ್ಲೊಂದು ಗಂಧೆ ಏಳುತ್ತದೆ. ಬದನೇಕಾಯಿ ಇಲ್ಲ, ಮೀನಿಲ್ಲ. ತನ್ನದೇ ರಕ್ತದ ನೀರು. ದುಬಾರಿ ಯಂತ್ರವೇನೂ ಬೇಡದ ಈ ಪರೀಕ್ಷೆಯನ್ನು ನಮ್ಮ ದೇಶದ ಚರ್ಮವೈದ್ಯರು ಇಂದಿಗೂ ಮಾಡುತ್ತಾರೆ. 1993ರಲ್ಲಿ ಲಂಡನ್ನಿನಲ್ಲಿ ಮಾಲ್ಕಮ್ ಗ್ರೀವ್ಸ್ ಅವರ ತಂಡ ಆ ಸೀರಮ್ಮಿನೊಳಗೆ ಏನಿದೆಯೆಂದು ತೋರಿಸಿತು. ರೋಗದ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳೇ ಗುರಿ ತಪ್ಪಿ, ಮಾಸ್ಟ್ ಕೋಶದ ಮೈಮೇಲಿನ ಬಾಗಿಲುಗಳಿಗೆ ಅಂಟಿಕೊಂಡು ಅದನ್ನು ಕೆರಳಿಸುತ್ತಿದ್ದವು. ಈ ರೋಗಿಗಳಲ್ಲಿ ಥೈರಾಯ್ಡ್ ತೊಂದರೆ ಹೆಚ್ಚಾಗಿ ಕಾಣುವುದಕ್ಕೂ ಇದೇ ನಂಟು. ಅಲ್ಲಿಯೂ ದೇಹ ತನ್ನದೇ ಗ್ರಂಥಿಯ ಮೇಲೆ ತಿರುಗಿಬಿದ್ದಿರುತ್ತದೆ. ಹೀಗೆ ಹೊರಗಿನ ಕಾರಣವಿಲ್ಲದೆ ತಾನಾಗಿ ಏಳುವ ಬಗೆಯೇ ದೀರ್ಘಕಾಲದ ಗಂಧೆಯಲ್ಲಿ ಹೆಚ್ಚಿನದು.

ಆದ್ದರಿಂದ, ಆರು ವಾರ ದಾಟಿದ ಗಂಧೆಗೆ ಆಹಾರ ಕಾರಣವಾಗುವುದು ತೀರ ಅಪರೂಪ. ಆಹಾರದ ಅಲರ್ಜಿಯಾದರೆ ತಿಂದ ಕೆಲ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ತಾಸಿನಲ್ಲಿ, ತಿಂದಾಗಲೆಲ್ಲ ಕಾಣಬೇಕು. ನಿದ್ದೆಯಿಂದ ಎಬ್ಬಿಸುವ, ಉಪವಾಸದ ದಿನವೂ ಬರುವ ಗಂಧೆಗೆ ಪಲ್ಯವನ್ನು ಹೊಣೆ ಮಾಡಿದರೆ ಪಲ್ಯಕ್ಕೆ ಅನ್ಯಾಯ. ಆದರೂ ಶಹರಗಳ ಲ್ಯಾಬುಗಳಲ್ಲಿ ಒಂದೇ ರಕ್ತದಲ್ಲಿ ಹತ್ತಾರು ಆಹಾರಗಳ "ಅಲರ್ಜಿ ಪ್ಯಾಕೇಜು" ಮಾರುತ್ತಾರೆ. ವರದಿಯಲ್ಲಿ ಗೋಧಿ, ಹಾಲು, ತೊಗರಿ ಎದುರು ಗೆರೆ ಬಂದರೆ ಮುಗಿಯಿತು, ಮೊದಲೇ ರಕ್ತಹೀನತೆಯಿರುವ ಹೆಣ್ಣುಮಗಳ ತಾಟಿನಿಂದ ಬೇಳೆ, ಹಾಲು, ತತ್ತಿ ಎಲ್ಲ ಮಾಯ. ಗಂಧೆ ಮಾತ್ರ ಇದ್ದಲ್ಲೇ ಇರುತ್ತದೆ. ವೈದ್ಯರ ಮಾರ್ಗಸೂಚಿ ಮೊದಲ ಹಂತದಲ್ಲಿ ಕೇಳುವ ಪರೀಕ್ಷೆಗಳು ಬೆರಳೆಣಿಕೆಯಷ್ಟು: ರಕ್ತಕಣಗಳ ಎಣಿಕೆ, ಇಎಸ್‌ಆರ್ ಅಥವಾ ಸಿಆರ್‌ಪಿ, ತಜ್ಞರ ಬಳಿಯಾದರೆ ಥೈರಾಯ್ಡಿನ ಪ್ರತಿಕಾಯ ಮತ್ತು ಒಟ್ಟು ಐಜಿಇ.

ನಮ್ಮ ಹಳಬರು ಕಣ್ಣಿಗೆ ಕಂಡದ್ದನ್ನು ಸರಿಯಾಗಿಯೇ ಬರೆದಿಟ್ಟಿದ್ದಾರೆ ಎನ್ನಬೇಕು. ಆಯುರ್ವೇದದ ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠಗಳಿಗೆಂದೇ ಒಂದು ಅಧ್ಯಾಯವಿದೆ. ಕಣಜ ಕಚ್ಚಿದಂಥ ಬಾವು, ತುರಿಕೆ, ತಣ್ಣನೆಯ ಗಾಳಿಯ ಸ್ಪರ್ಶ, ಎಲ್ಲವೂ ಅಲ್ಲಿವೆ. ಥಂಡಿಗೆ ಏಳುವ ಗಂಧೆ ಇಂದಿನ ವೈದ್ಯಶಾಸ್ತ್ರದಲ್ಲೂ ಒಂದು ಪ್ರತ್ಯೇಕ ಬಗೆ.

ಇನ್ನು ಸೂಜಿಯ ವಿಷಯ. ಊರಿನ ಕ್ಲಿನಿಕ್ಕಿಗೆ ಗಂಧೆ ತೋರಿಸಲು ಹೋದವರಿಗೆ ಒಂದು ಅವಿಲ್, ಜೊತೆಗೊಂದು ಡೆಕ್ಸಾ. ಎರಡನೆಯದು ಸ್ಟೀರಾಯ್ಡ್. ಮನೆ ಮುಟ್ಟುವಷ್ಟರಲ್ಲಿ ಮೈ ತಣ್ಣಗಾಗುತ್ತದೆ, ಡಾಕ್ಟರ ಕೈಗುಣದ ಮಾತು ಓಣಿಯಲ್ಲಿ ಹಬ್ಬುತ್ತದೆ. ಎರಡು ದಿನ ಬಿಟ್ಟು ಗಂಧೆ ಮತ್ತೆ ಏಳುತ್ತದೆ, ಕೆಲವರಿಗೆ ಮೊದಲಿಗಿಂತ ಜೋರಾಗಿ. ಮತ್ತೆ ಸೂಜಿ. ವಾರಕ್ಕೊಂದು ಸೂಜಿಯ ಈ ಜೀವನ ವರ್ಷಗಟ್ಟಲೆ ನಡೆದರೆ ಮುಖ ಊದುತ್ತದೆ, ಸಕ್ಕರೆ ಮತ್ತು ಬಿ.ಪಿ. ಏರುತ್ತವೆ, ಎಲುಬು ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಸ್ಟೀರಾಯ್ಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವಿಪರೀತ ಉಲ್ಬಣಿಸಿದಾಗ ಹೆಚ್ಚೆಂದರೆ ಹತ್ತು ದಿನ ಮಾತ್ರೆ ಕೊಡಲು ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಒಪ್ಪುತ್ತದೆ. ದೀರ್ಘಕಾಲ ಕೊಡಬೇಡಿ ಎಂದೂ ಅದೇ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳುತ್ತದೆ. ಬಹಳ ದಿನ ತೆಗೆದುಕೊಂಡವರು ಇದನ್ನು ಓದಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಉಸ್ತುವಾರಿಯಲ್ಲಿ ಇಳಿಸುತ್ತ ಬರಬೇಕು.

ಅಲರ್ಜಿ ಮಾತ್ರೆಯನ್ನು ನಾವು ನುಂಗುವ ಕ್ರಮವೇ ತಪ್ಪು ಎಂಬುದು ನನ್ನ ದೊಡ್ಡ ತಕರಾರು. ಗಂಧೆ ಎದ್ದ ಮೇಲೆ ಒಂದು ಸೆಟ್ರಿಜಿನ್, ಇಳಿದರೆ ಬಂದ್. ಈ ಮಾತ್ರೆ ಹಿಸ್ಟಮಿನ್ ಸುರಿಯುವುದನ್ನು ತಡೆಯುವುದಿಲ್ಲ. ಹಿಸ್ಟಮಿನ್ ಹೋಗಿ ಕೂರುವ ಗ್ರಾಹಿಗಳನ್ನು ಮೊದಲೇ ಮಲಗಿಸಿಡುತ್ತದೆ ಅಷ್ಟೆ. ಸುರಿದು ಉಬ್ಬಿದ ಮೇಲೆ ನುಂಗಿದರೆ ಆಗಿಹೋದದ್ದಕ್ಕೆ ಅದು ಹೆಚ್ಚೇನೂ ಮಾಡಲಾರದು. ಆದ್ದರಿಂದ ಗಂಧೆ ಇರಲಿ ಇಲ್ಲದಿರಲಿ, ದಿನಾ ಅದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಅದೂ ನಿದ್ದೆ ತರುವ ಹಳೆಯ ಅವಿಲ್, ಸಿಪಿಎಂ ಜಾತಿಯದಲ್ಲ. ಲೆವೊಸೆಟ್ರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಮುಂತಾದ ಎರಡನೇ ಪೀಳಿಗೆಯದು. ಟ್ರ್ಯಾಕ್ಟರ್ ಓಡಿಸುವವರಿಗಂತೂ ಇದು ಜೀವದ ಪ್ರಶ್ನೆ. ದಿನಕ್ಕೊಂದು ಸಾಕಾಗದಿದ್ದರೆ ಎರಡರಿಂದ ನಾಲ್ಕು ವಾರ ನೋಡಿ, ವೈದ್ಯರು ಅದೇ ಮಾತ್ರೆಯನ್ನು ನಾಲ್ಕು ಪಟ್ಟಿನವರೆಗೆ ಏರಿಸಬಹುದು. ಇದನ್ನು ಔಷಧದಂಗಡಿಯ ಕಟ್ಟೆಯ ಮೇಲೆ ನಿಂತು ತಾವೇ ತೀರ್ಮಾನಿಸಬಾರದು. ಕಿಡ್ನಿ, ಲಿವರ್, ಗರ್ಭ, ಬೇರೆ ಮಾತ್ರೆಗಳು ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

"ಯಾ ಔಷಧಾನೂ ನಾಟವಲ್ದು" ಎಂದು ಕೈಚೆಲ್ಲಿದ ಅನೇಕರು ಈ ಎರಡನೇ ಮೆಟ್ಟಿಲನ್ನೇ ಹತ್ತಿರುವುದಿಲ್ಲ. ಹತ್ತಿದರೂ ಗಂಧೆ ಇಳಿಯದವರು ನಿಜವಾಗಿ ಹಟಮಾರಿ ಗಂಧೆಯವರು. ಅವರಿಗೆ ಮೂರನೆಯ ಮೆಟ್ಟಿಲು ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದು. ಇದು ಸ್ಟೀರಾಯ್ಡ್ ಅಲ್ಲ. ರಕ್ತದಲ್ಲಿ ಓಡಾಡುವ ಐಜಿಇ ಎಂಬ ಪ್ರತಿಕಾಯವನ್ನು ಹಿಡಿದು ಕಟ್ಟಿಹಾಕುವ, ಪ್ರಯೋಗಾಲಯದಲ್ಲಿ ತಯಾರಿಸಿದ ಇನ್ನೊಂದು ಪ್ರತಿಕಾಯ. ಮೊದಲು ಅಸ್ತಮಾಕ್ಕೆಂದು ಬಂದದ್ದು, 2014ರಲ್ಲಿ ಅಮೆರಿಕದಲ್ಲಿ ಈ ಗಂಧೆಗೂ ಒಪ್ಪಿಗೆ ಪಡೆಯಿತು. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ. ಕೆಲವರಿಗೆ ಮೊದಲ ಸೂಜಿಯ ನಂತರದ ಕೆಲವೇ ದಿನಗಳಲ್ಲಿ ಮೈ ತಿಳಿಯಾಗುತ್ತದೆ. ಇನ್ನು ಕೆಲವರು ತಿಂಗಳುಗಟ್ಟಲೆ ಕಾಯಬೇಕು. ಆರು ತಿಂಗಳು ನೋಡದೆ ಇದು ಆಗಲಿಲ್ಲ ಎನ್ನುವ ಹಾಗಿಲ್ಲ. ಈ ವ್ಯತ್ಯಾಸಕ್ಕೆ ಕಾರಣವಿದೆ. ಕೆಲವರಲ್ಲಿ ತನ್ನದೇ ದೇಹದ ಪ್ರೋಟೀನುಗಳ ವಿರುದ್ಧ ಐಜಿಇ ಹುಟ್ಟಿರುತ್ತದೆ. ಅವರಿಗೆ ಈ ಮದ್ದು ಬೇಗ ಹತ್ತುತ್ತದೆ. ಇನ್ನು ಕೆಲವರಲ್ಲಿ ಕೆರಳಿಸುವುದು ಐಜಿಜಿ ಎಂಬ ಬೇರೆ ಜಾತಿಯ ಪ್ರತಿಕಾಯ, ಒಟ್ಟು ಐಜಿಇ ಕಡಿಮೆ. ಅವರಲ್ಲಿ ಇದು ನಿಧಾನ, ಇಲ್ಲವೇ ಕೆಲಸವನ್ನೇ ಮಾಡದು. ಅಂಥವರಿಗೆ ಸೈಕ್ಲೋಸ್ಪೊರಿನ್ ಕ್ಯಾಪ್ಸೂಲು ಹೆಚ್ಚು ಒಗ್ಗುತ್ತದೆ, ಬಿ.ಪಿ. ಮತ್ತು ಕ್ರಿಯಾಟಿನಿನ್ ಮೇಲೆ ಕಣ್ಣಿಟ್ಟುಕೊಂಡು. 2025ರಲ್ಲಿ ಡುಪಿಲುಮ್ಯಾಬ್ ಚುಚ್ಚುಮದ್ದು ಮತ್ತು ರೆಮಿಬ್ರುಟಿನಿಬ್ ಮಾತ್ರೆಗೂ ಅಮೆರಿಕದಲ್ಲಿ ಇದೇ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ.

ಅಮೆರಿಕದ ಒಪ್ಪಿಗೆ ಚೀಕಲಪರ್ವಿಯ ಮನೆಗೆ ಮುಟ್ಟಲು ದಾರಿ ದೂರ ಎಂಬುದು ಗೊತ್ತಿರುವ ಸಂಗತಿಯೇ. ಒಮಾಲಿಜುಮ್ಯಾಬ್ ಕೂಲಿ ಮಾಡುವ ಮನೆಗೆ ಎಟುಕುವ ಬೆಲೆಯದಲ್ಲ. ಸೈಕ್ಲೋಸ್ಪೊರಿನ್ ಅದಕ್ಕಿಂತ ಅಗ್ಗವಾದ್ದರಿಂದ ನಮ್ಮಲ್ಲಿ ವೈದ್ಯರು ಎಷ್ಟೋ ಸಲ ಅದನ್ನೇ ಮೊದಲು ನೆನೆಯುತ್ತಾರೆ. ಆದರೆ ಮೊದಲೆರಡು ಮೆಟ್ಟಿಲಿಗೆ ದೊಡ್ಡ ದುಡ್ಡು ಬೇಡ. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ, ನವೋದಯ ಕಾಲೇಜಿನ ಆಸ್ಪತ್ರೆ ಇದೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ ಕಳೆದುಕೊಂಡು ಅಲ್ಲಿಗೆ ಹೋಗಬೇಕು ನಿಜ. ವಾರವಾರದ ಸೂಜಿಯ ಲೆಕ್ಕ ಕೂಡಿದರೆ ಅದಕ್ಕಿಂತ ಕಡಿಮೆಯೇನೂ ಆಗುವುದಿಲ್ಲ.

ಹೋದ ದಿನ ಇನ್ನೊಂದು ಪೇಚು. ಬೆಳಿಗ್ಗೆ ಮಾನ್ವಿಯಲ್ಲಿ ಬಸ್ಸು ಹತ್ತುವಾಗ ಮೈತುಂಬ ಇದ್ದ ಗಂಧೆ ರಾಯಚೂರು ಬರುವಷ್ಟರಲ್ಲಿ ಗಾಯಬ್. ಡಾಕ್ಟರು "ಎಲ್ಲಿ ಐತಮ್ಮ?" ಎಂದರೆ ತೋರಿಸಲು ಏನಿಲ್ಲ. ಇದಕ್ಕೆ ಮೊಬೈಲ್ ಫೋಟೋ ಒಳ್ಳೆಯ ಸಾಕ್ಷಿ. ಅದರ ಜೊತೆಗೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ವಾರದ ಅಂಕ ಬರೆಯಬಹುದು. ದಿನಕ್ಕೆ ಗಂಧೆಗೆ ಸೊನ್ನೆಯಿಂದ ಮೂರು, ತುರಿಕೆಗೆ ಸೊನ್ನೆಯಿಂದ ಮೂರು. ಏಳು ದಿನ ಕೂಡಿದರೆ ಹೆಚ್ಚೆಂದರೆ 42. ಈ ಕಾಯಿಲೆಯ ಔಷಧ ಪ್ರಯೋಗಗಳಲ್ಲೂ ಇದೇ ಲೆಕ್ಕ ಬಳಸುತ್ತಾರೆ. 35 ಇದ್ದದ್ದು 12ಕ್ಕೆ ಇಳಿದಿದೆ ಎಂದರೆ ವೈದ್ಯರಿಗೂ ಮುಂದಿನ ಹೆಜ್ಜೆ ತಿಳಿಯುತ್ತದೆ.

ತಾನಾಗಿ ಏಳುವ ಗಂಧೆಯನ್ನೂ ಕೆದಕುವ ಸಂಗತಿಗಳಿವೆ, ಅವು ತಾಟಿಗಿಂತ ಹೊಲದಲ್ಲಿ ಹೆಚ್ಚು. ದಿನವಿಡೀ ಬಗ್ಗಿ ಭತ್ತದ ಸಸಿ ನಾಟಿ ಮಾಡಿದ ಸೊಂಟಕ್ಕೆ ರಾತ್ರಿ ಒಂದು ನೋವಿನ ಮಾತ್ರೆ ಬೇಕೇ ಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಈ ರೋಗಿಗಳಲ್ಲಿ ಹಲವರಿಗೆ ಗಂಧೆ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಒಗ್ಗುತ್ತದೆ. ಅತ್ತೆ ಬದನೇಕಾಯಿ ಮುಚ್ಚಿಡುವ ಬದಲು ಡೈಕ್ಲೊಫೆನಾಕಿನ ಚೀಟಿಯನ್ನು ಎತ್ತಿಟ್ಟರೆ ಉಪಕಾರ. ಇನ್ನು ಒತ್ತಡ, ಮನಸ್ಸಿನದೂ ಮೈಯದೂ. ಉಡದಾರ, ಲಂಗದ ಲಾಡಿ ಬಿಗಿದ ಕಡೆ ಬರೆ ಎಳೆದಂತೆ ಏಳುವುದುಂಟು. ಭತ್ತದ ಚೀಲ ಹೊತ್ತ ಹೆಗಲು, ಸಲಿಕೆ ಒತ್ತಿದ ಅಂಗಾಲು, ಕುಡಗೋಲು ಹಿಡಿದ ಅಂಗೈ ನಾಲ್ಕಾರು ತಾಸಿನ ನಂತರ ಊದಿ ನೋಯುವ ಬಗೆಯೊಂದಿದೆ. ತಡವಾಗಿ ಬರುವುದರಿಂದ ಯಾರೂ ಚೀಲವನ್ನು ಸಂಶಯಿಸುವುದಿಲ್ಲ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆವರಿದ ಕೂಡಲೇ ಸೂಜಿಮೊನೆಯಂಥ ಸಣ್ಣ ಗಂಧೆ ಏಳುವುದು ಇನ್ನೊಂದು ಬಗೆ. ಥಂಡಿಗೆ ಏಳುವವರು ಮಾತ್ರ ಹೊಳೆ, ಕಾಲುವೆಯ ತಣ್ಣೀರಿಗೆ ಒಮ್ಮೆಲೇ ಧುಮುಕಬಾರದು. ಮೈಯೆಲ್ಲ ಒಂದೇ ಸಲ ಕೆರಳಿ, ರಕ್ತದೊತ್ತಡ ಕುಸಿದು, ನೀರಿನಲ್ಲೇ ಎಚ್ಚರ ತಪ್ಪಬಹುದು.

ಗಂಧೆಯಂತೆ ಕಂಡು ಗಂಧೆಯಲ್ಲದವೂ ಇವೆ. ಒಂದೇ ದದ್ದು ಒಂದು ದಿನಕ್ಕಿಂತ ಹೆಚ್ಚು ಅಲ್ಲೇ ನಿಂತು, ತುರಿಕೆಗಿಂತ ಉರಿ ನೋವು ಹೆಚ್ಚಿದ್ದು, ಹೋಗುವಾಗ ಕಪ್ಪು ಕಲೆ ಬಿಟ್ಟರೆ ಅದು ರಕ್ತನಾಳದ ಉರಿಯೂತ ಇರಬಹುದು, ಚರ್ಮದ ತುಣುಕು ತೆಗೆದು ನೋಡಬೇಕು. ಗಂಧೆಯೇ ಇಲ್ಲದೆ ತುಟಿ ನಾಲಿಗೆ ಊದಿದರೆ ಬಿ.ಪಿ.ಗೆ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆ ನಡೆದಿದೆಯೇ ನೋಡಬೇಕು. ಹೊಲದ ಬದುವಿನ ಕಾಂಗ್ರೆಸ್ ಕಸದಿಂದ ಮುಖ, ಕತ್ತಿನ ಚರ್ಮ ದಪ್ಪಗಾಗಿ ಬಿರಿಯುವುದೂ ಬೇರೆಯೇ. ಗಂಧೆಯ ಜೊತೆ ಉಸಿರು ಕಟ್ಟಿದರೆ, ದನಿ ಒಡೆದರೆ, ತಲೆ ತಿರುಗಿ ಬಿದ್ದರೆ ಕಂಬಳಿ ಹುಡುಕುತ್ತ ಕೂಡಬಾರದು. ಹತ್ತಿರದ ಆಸ್ಪತ್ರೆಗೆ ಓಡಬೇಕು. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್.

ಜೀವಕ್ಕೆ ಅಪಾಯವಿಲ್ಲದ ಕಾಯಿಲೆ ಎಂದು ವೈದ್ಯರೂ ಇದನ್ನು ಹಗುರಾಗಿ ನೋಡುವುದುಂಟು. ಸಂಜೆ ರಾತ್ರಿ ತುರಿಕೆ ಹೆಚ್ಚುವ ರೋಗವಿದು. ತಿಂಗಳುಗಟ್ಟಲೆ ನಿದ್ದೆಯಿಲ್ಲದವಳು ಮರುದಿನ ಅಡುಗೆ ಮಾಡಿ, ಬುತ್ತಿ ಕಟ್ಟಿಕೊಂಡು, ಬೇರೆಯವರ ಸಾಲಿಗೆ ಸಮನಾಗಿ ಹತ್ತಿ ಬಿಡಿಸಬೇಕು. ಬೆಳಿಗ್ಗೆ ಏಳುವಾಗ ಮುಖ ಹೇಗಿರುತ್ತದೋ ಎಂಬ ಅಂಜಿಕೆ ಬೇರೆ. ಕನ್ಯೆ ನೋಡಲು ಬರುವವರ ಎದುರು ಹುಡುಗಿಯ ತೋಳು ಮುಚ್ಚಿಸುವ ತಾಯಂದಿರಿದ್ದಾರೆ. ಇದು ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೂ ಅಂಟುವುದಿಲ್ಲ. ಬಸುರಿಯಾದರೂ ಚಿಕಿತ್ಸೆ ಬಿಡಬೇಕಿಲ್ಲ, ವೈದ್ಯರಿಗೆ ಮೊದಲೇ ತಿಳಿಸಿ ಮಾತ್ರೆ ಆರಿಸಿಕೊಂಡರಾಯಿತು.

ಬಹಳ ಜನರಲ್ಲಿ ಕಾಯಿಲೆ ಒಂದು ದಿನ ತಾನಾಗಿ ಆರುತ್ತದೆ. ಯಾವಾಗ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಆದ್ದರಿಂದ ಔಷಧವನ್ನೇ ಇಳಿಸಿ ನೋಡಬೇಕು. ವಾರದ ಅಂಕ ಕೆಲವು ತಿಂಗಳು ಸೊನ್ನೆಯಲ್ಲೇ ನಿಂತರೆ ನಾಲ್ಕು ಮಾತ್ರೆಯಿದ್ದದ್ದು ಮೂರು, ಮೂರಿದ್ದದ್ದು ಎರಡು, ಹೀಗೆ ವಾರಗಳ ಅಂತರ ಕೊಟ್ಟು ಇಳಿಸುತ್ತಾರೆ. ಒಮಾಲಿಜುಮ್ಯಾಬ್ ಆದರೆ ಎರಡು ಸೂಜಿಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಾರೆ. ನಡುವೆ ಗಂಧೆ ಮತ್ತೆ ತಲೆಯೆತ್ತಿದರೆ ಹಿಂದೆ ಕೆಲಸ ಮಾಡಿದ ಪ್ರಮಾಣಕ್ಕೆ ಮರಳುತ್ತಾರೆ, ಮೊದಲ ಸಲ ನಾಟಿದ ಔಷಧ ಸಾಮಾನ್ಯವಾಗಿ ಎರಡನೇ ಸಲವೂ ನಾಟುತ್ತದೆ.